ಎರಡರ ಚೌಕ

ಒದ್ದೆ ಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಮಗಳು ಅಮ್ಮನ ಉಗುರುಸಂದಿಯ ಬಿಳಿಯನ್ನು ತೆಗೆಯುತ್ತಿದ್ದಳು. ಹೆಬ್ಬೆರಳು ಮುಗಿದಿತ್ತು. ತೋರುಬೆರಳಿನದು ಬರುತ್ತಿರಲಿಲ್ಲ.

"ಬಿಡೇ, ಎಷ್ಟು ಅಂತ ಉಜ್ತೀಯ," ಎಂದಳು ಚಿಕ್ಕಮ್ಮ. "ಹನ್ನೆರಡು ವರ್ಷದ ಸೀಮೆಸುಣ್ಣ ಅದು. ಒಂದು ಬೆಳಗ್ಗೆಗೆ ಹೋಗುತ್ತಾ?"

ಬಾಗಿಲಲ್ಲಿ ನೀಲಿ ಅಂಗಿ ತೊಟ್ಟ ಇಬ್ಬರು ಹೆಂಗಸರು ಚಪ್ಪಲಿ ಬಿಡುತ್ತಿದ್ದರು. ಫ್ಯಾನ್ ಕಾರ್ಖಾನೆಯಲ್ಲಿ ಮೋಟಾರು ಕೂರಿಸುವವರು. ಅಮ್ಮನ ಕಾಲ ಬಳಿ ಸ್ವಲ್ಪ ಹೊತ್ತು ನಿಂತರು, ಕಣ್ಣೊರೆಸಿಕೊಂಡರು, ಆಮೇಲೆ ಇಬ್ಬರೂ ಒಟ್ಟಿಗೇ ಗೋಡೆಯ ಗಡಿಯಾರ ನೋಡಿದರು.

"ಹೋಗ್ಬೇಕಮ್ಮಾ. ನಾವು ವಾಪಸ್ ಹೋದ್ಮೇಲೇನೇ ಮುಂದಿನ ಇಬ್ಬರನ್ನ ಬಿಡೋದು. ಒಂದು ಸಲಕ್ಕೆ ಇಬ್ಬರೇ, ಹದಿನೈದೇ ನಿಮಿಷ."

"ಇದೇನು ನಲ್ಲಿ ಮುಂದಿನ ಸರದೀನಾ?" ಚಿಕ್ಕಮ್ಮನ ಧ್ವನಿ ಏರಿತು.

"ಮ್ಯಾನೇಜರ್ ಹೇಳಿದ್ದು. ಎರಡರ ಪದ್ಧತಿಯಂತೆ." ಹೇಳಿದವಳು ತಲೆ ತಗ್ಗಿಸಿದಳು.

ಮಗಳು ಕೈಯ ಬಟ್ಟೆಯನ್ನೇ ನೋಡುತ್ತಾ ಕೇಳಿದಳು: "ಜಾಲರಿ ಅಕ್ಕ ಯಾವಾಗ ಬರ್ತಾರೆ?"

ಇಬ್ಬರೂ ಮುಖ ಮುಖ ನೋಡಿಕೊಂಡರು.

"ಅವಳೊಬ್ಬಳನ್ನ ಬಿಡಲ್ಲ ಅಂದ್ರಮ್ಮ. ಇಡೀ ಲೈನಿನಲ್ಲಿ ಅವಳದೇ ನಿಧಾನದ ಕೆಲಸ ಅಲ್ವಾ. ಬೇರೆ ಕಡೆ ಹತ್ತು ನಿಮಿಷ ಹೋದ್ರೂ ತುಂಬ್ಕೋಬಹುದು, ಜಾಲರಿಲಿ ಒಂದು ನಿಮಿಷ ಹೋದ್ರೆ ಹೋಯ್ತಂತೆ. ಅತ್ಕೊಂಡೇ ಫ್ಯಾನಿಗೆ ಜಾಲರಿ ಕೂರಿಸ್ತಾ ಇದಾಳೆ."

ಹನ್ನೆರಡಕ್ಕೆ ಸ್ಮಶಾನಕ್ಕೆ ಒಯ್ಯುವ ಗಾಡಿ ಬರುವುದಿತ್ತು. ಮನೆಯ ಹಿಂದಿನ ಗೋಡೆಯಾಚೆಯೇ ಕಾರ್ಖಾನೆ. ತಪಾಸಣೆಯ ಮೇಜಿನ ಮೇಲೆ ಹೊಸ ಫ್ಯಾನುಗಳು ಒಂದೊಂದಾಗಿ ತಿರುಗುವ ಸದ್ದು ಈ ಕೋಣೆಗೂ ಕೇಳಿಸುತ್ತಿತ್ತು. ನಿನ್ನೆ ಮಧ್ಯಾಹ್ನದವರೆಗೆ ಅವನ್ನು ತಿರುಗಿಸಿ ನೋಡುತ್ತಿದ್ದವಳು ಇಲ್ಲಿ ಮಲಗಿದ್ದಳು. ಅವಳ ಕುರ್ಚಿಯಲ್ಲಿ ಇವತ್ತು ಬೆಳಗ್ಗೆಯೇ ಬೇರೆ ಯಾರೋ ಕೂತಾಗಿತ್ತು.

*

ಹನ್ನೆರಡು ವರ್ಷದ ಹಿಂದೆ ಮ್ಯಾನೇಜರ್ ಸ್ಟಾಪ್‌ವಾಚ್ ಹಿಡಿದು ಒಬ್ಬೊಬ್ಬರ ಬೆನ್ನ ಹಿಂದೆ ನಿಂತಿದ್ದರು. ಬೇಗ ಮಾಡಿದವರಿಗೆ ಶಹಬಾಸ್, ನಿಧಾನದವರಿಗೆ ಬೈಗುಳ. ಮೋಟಾರಿನವರೂ ರೆಕ್ಕೆಯವರೂ ಪೈಪೋಟಿಗೆ ಬಿದ್ದರು. ಜಾಲರಿ ಕೂರಿಸುವ ಹುಡುಗಿಗೆ ಒಂದೊಂದು ಫ್ಯಾನಿಗೆ ಹನ್ನೆರಡು ಕ್ಲಿಪ್ಪು. ಅವಳ ಸುತ್ತ ಅರೆಬರೆ ಫ್ಯಾನುಗಳು ಗುಡ್ಡೆಬಿದ್ದು, ಅವಳು ಕಾಣಿಸದೆ, ಬಿಕ್ಕುವ ಸದ್ದು ಮಾತ್ರ ಕೇಳಿಸುತ್ತಿತ್ತು. ಬೆರಳು ಕುಯ್ದು ಜಾಲರಿಗೆ ರಕ್ತ ಹತ್ತಿತ್ತು. ಆ ಫ್ಯಾನು ತಪಾಸಣೆಗೆ, ಅಮ್ಮನ ಕೈಗೆ ಬಂತು.

ಅಮ್ಮ ಎದ್ದಳು. ಸೀಮೆಸುಣ್ಣ ತೆಗೆದುಕೊಂಡು ಪ್ರತಿ ಎರಡು ಮೇಜುಗಳ ನಡುವೆ ಒಂದೊಂದು ಚೌಕ ಬರೆದಳು.

"ಇದರೊಳಗೆ ಎರಡು ಫ್ಯಾನು ಕೂತ್ರೆ ಕೈ ನಿಲ್ಸಿ. ಮುಂದಿನವರು ಎತ್ಕೊಳ್ಳೋ ತನಕ ಮಾಡ್ಬೇಡಿ. ರಾಶಿ ಹಾಕೋದು ಕೆಲಸ ಅಲ್ಲ. ಕೈ ಖಾಲಿ ಆದವರು ಹೋಗಿ ಅವಳಿಗೆ ನಾಲ್ಕು ಕ್ಲಿಪ್ ಹಾಕ್ಕೊಡಿ."

ದಿನಕ್ಕೆ ನೂರರವತ್ತು ಆಗುತ್ತಿದ್ದದ್ದು ತಿಂಗಳೊಳಗೆ ಇನ್ನೂರ ಹತ್ತಾಯಿತು. ಸಂಜೆ ಕಸ ಗುಡಿಸುವಾಗ ಚೌಕಗಳು ಅಳಿಸಿಹೋಗುತ್ತಿದ್ದವು. ಬೆಳಗ್ಗೆ ಅಮ್ಮ ಮತ್ತೆ ಬರೆಯುತ್ತಿದ್ದಳು. ಸೀಮೆಸುಣ್ಣದಕ್ಕ ಎಂಬ ಹೆಸರು ಬಿದ್ದದ್ದು ಹಾಗೆ.

ಅಷ್ಟರಲ್ಲಿ ಗೋಡೆಗೆ ಬೋರ್ಡು ಬಂತು. 'ಎರಡರ ಪದ್ಧತಿ: ಚೌಕ ತುಂಬಿದರೆ ಕೈ ನಿಲ್ಲಲಿ.' ಕೆಳಗೆ ಮ್ಯಾನೇಜರ್ ಹೆಸರು, ಕೋಟು ತೊಟ್ಟ ಫೋಟೋ.

"ನಿನ್ನದು ಅಂತ ಹೇಳಮ್ಮ," ಎಂದಿದ್ದಳು ಮಗಳು.

"ಹೇಳಿದ್ರೆ ಫ್ಯಾನು ಜೋರಾಗಿ ತಿರುಗುತ್ತಾ? ಆ ಹುಡುಗಿ ಅಳೋದು ನಿಲ್ತಲ್ಲ, ಸಾಕು."

ಮಗಳಿಗೆ ಸಾಕಾಗಿರಲಿಲ್ಲ.

*

ಹನ್ನೊಂದೂವರೆಗೆ ಪ್ಯಾಕಿಂಗಿನ ಅಣ್ಣನೂ ಅವನ ಜೊತೆಗಾರನೂ ಬಂದರು. ಅವರದೇ ಕೊನೆಯ ಸರದಿ. ಹಿಂದೆಯೇ ಮ್ಯಾನೇಜರ್ ಬಂದರು. ಕೈಯಲ್ಲಿ ಹೂವಿನ ದೊಡ್ಡ ಚಕ್ರ, ಅದರ ಪಟ್ಟಿಯ ಮೇಲೆ ಕಂಪನಿಯ ಹೆಸರು. ಅಮ್ಮನ ಹೆಸರಿರಲಿಲ್ಲ.

"ನಿನ್ನೆ ಅಕ್ಕ ಅಲ್ಲಿ ಬಿದ್ದಾಗ ಎಷ್ಟು ಹೊತ್ತು ನಿಲ್ಸಿದ್ರಪ್ಪಾ ಕೆಲಸಾನ?" ಚಿಕ್ಕಮ್ಮ ಕೇಳಿದ್ದು ಪ್ಯಾಕಿಂಗಿನ ಅಣ್ಣನನ್ನು, ನೋಡಿದ್ದು ಮ್ಯಾನೇಜರನ್ನು.

"ಹನ್ನೊಂದು ನಿಮಿಷ. ರಿಜಿಸ್ಟರಲ್ಲಿ ಬರೆದಿದಾರೆ. ಕಾರಣ, ಸಿಬ್ಬಂದಿ ಅಸ್ವಸ್ಥ." ಅವನು ಅಮ್ಮನ ಮುಖ ನೋಡಿದ. "ಬರೆಯೋ ಹೊತ್ತಿಗೆ ಅಕ್ಕ ಹೋಗಿಯಾಗಿತ್ತು."

ಮ್ಯಾನೇಜರ್ ಚಕ್ರವನ್ನು ಅಮ್ಮನ ಕಾಲ ಬಳಿ ಇಟ್ಟರು. "ನಮಗೂ ದುಃಖ ಇದೆಯಮ್ಮ. ನಾಳೆ ಲಾರಿ ಹೊರಡ್ಬೇಕು, ಏನ್ಮಾಡೋದು. ನಿಮ್ಮಮ್ಮ ಇದ್ದಿದ್ರೂ ಇದನ್ನೇ ಹೇಳ್ತಿದ್ರು, ಲೈನ್ ನಿಲ್ಲಬಾರದು ಅಂತ."

ನಾಲ್ಕು ಜನರ ಮುಂದೆ ನೀರು ಕೇಳಲೂ ಹಿಂಜರಿಯುವ ಮಗಳ ಕಿವಿ ಬಿಸಿಯಾಯಿತು.

"ಸುಳ್ಳು," ಎಂದಳು.

ಒದ್ದೆ ಬಟ್ಟೆ ಹಿಡಿದೇ ಎದ್ದು ನಿಂತಳು.

"ನಿಲ್ಲಬಾರದು ಅಂತ ಅಮ್ಮ ಒಂದು ದಿನಾನೂ ಹೇಳಿಲ್ಲ. ನಿಲ್ಸಿ ಅಂತಾನೇ ಹೇಳಿದ್ದು. ನೀವು ಅದನ್ನ ಬೋರ್ಡಿಗೆ ಹಾಕಿದ್ರಿ ಸಾರ್, ತಲೆಗೆ ಹಾಕ್ಕೊಳ್ಳಲಿಲ್ಲ. ಜಾಲರಿ ಅಕ್ಕನ್ನ ಕಳಿಸಿ."

"ಅದು ಆಗಲ್ಲಮ್ಮ. ನಿನಗೆ ಅರ್ಥ ಆಗಲ್ಲ ಇದೆಲ್ಲ." ಅವರು ವಾಚು ನೋಡಿಕೊಂಡು ಪ್ಯಾಕಿಂಗಿನ ಅಣ್ಣನ ಕಡೆ ತಿರುಗಿದರು. "ಹದಿನೈದು ನಿಮಿಷ ಆಯ್ತು, ಹೊರಡಿ."

ಪ್ಯಾಕಿಂಗಿನ ಅಣ್ಣ ಗೋಡೆಗೆ ಒರಗಿ ನೆಲದ ಮೇಲೆ ಕೂತ. "ನೀನೂ ಕೂತ್ಕೊಳ್ಳೋ," ಎಂದ ಜೊತೆಗಾರನಿಗೆ.

"ಏನ್ರೀ ಇದು?"

"ಲೈನಿನ ಕೊನೆಯವರು ನಾವಿಬ್ಬರೇ ಸಾರ್. ನಾವು ಎತ್ಕೊಳ್ಳದಿದ್ರೆ ನಮ್ಮ ಚೌಕ ತುಂಬುತ್ತೆ. ಆಮೇಲೆ ಅದರ ಹಿಂದಿನದು, ಆಮೇಲೆ ಅದರ ಹಿಂದಿನದು. ಚೌಕಕ್ಕೆ ನಾಲ್ಕು ನಿಮಿಷ, ಐದು ಚೌಕ. ಲೆಕ್ಕ ಅಕ್ಕನೇ ಕಲಿಸಿದ್ದು. ಇನ್ನೈದು ನಿಮಿಷ ಕೂತ್ರೆ ಸಾಕು."

ಫ್ಯಾನುಗಳ ಸದ್ದು ಆಗಲೇ ನಿಂತಿದ್ದನ್ನು ಮಗಳು ಗಮನಿಸಿದ್ದು ಆಗ. ಗೋಡೆಯಾಚೆ ಸ್ಕ್ರೂ ಬಿಗಿಯುವ ಮೆಷಿನ್ನುಗಳು ಮಾತ್ರ ಕಿರುಗುಟ್ಟುತ್ತಿದ್ದವು. ನಾಲ್ಕು. ಆಮೇಲೆ ಎರಡು. ಆಮೇಲೆ ಒಂದೂ ಇಲ್ಲ.

ಮ್ಯಾನೇಜರ ಫೋನು ಬಡಿದುಕೊಂಡಿತು. ಸೂಪರ್‌ವೈಸರನ ದನಿ ಕೋಣೆಗೆಲ್ಲ ಕೇಳಿಸಿತು.

"ಸರ್, ಚೌಕ ಎಲ್ಲಾ ತುಂಬಿದಾವೆ. ಯಾರೂ ಕೈ ಆಡಿಸ್ತಿಲ್ಲ."

"ನೆಲದ ಮೇಲಿಡೋಕೆ ಹೇಳ್ರೀ!"

"ಹೇಳಿದೆ ಸರ್. ಬೋರ್ಡ್ ತೋರಿಸ್ತಾರೆ. ಅದರಲ್ಲಿ ನಿಮ್ಮ ಹೆಸರೇ ಇದೆಯಲ್ಲ, ನಾನೇನು ಹೇಳ್ಲಿ? ಅಯ್ಯೋ ಸರ್, ಎಲ್ಲಾ ಎದ್ದು ಗೇಟಿನ ಕಡೆ ಹೊರಟ್ರು…"

ಚಿಕ್ಕಮ್ಮ ಹೂವಿನ ಚಕ್ರವನ್ನು ಎತ್ತಿ ಬಾಗಿಲಿನ ಹೊರಗಿಟ್ಟಳು. "ಜಾಗ ಬೇಕು. ಜನ ಬರ್ತಿದಾರೆ."

ಎಲ್ಲರಿಗಿಂತ ಮೊದಲು ಓಡಿಬಂದವಳು ಜಾಲರಿಯವಳು. ಈಗ ಹುಡುಗಿಯಲ್ಲ, ಕಿವಿಯ ಹತ್ತಿರ ಕೂದಲು ನರೆತಿತ್ತು. ಅಮ್ಮನ ಬಲಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡು ಕೂತಳು.

"ಬೆಳಗ್ಗೆ ನಾನೇ ಬರೆದೆ ಅಕ್ಕಾ," ಎಂದಳು. "ಐದೂ ಬರೆದೆ. ಸ್ವಲ್ಪ ಸೊಟ್ಟ ಬಂತು."

ಹೊರಗೆ ಗಾಡಿ ಬಂದು ನಿಂತಿತು. ಅವಳು ಕೈ ಬಿಟ್ಟಾಗ, ಬೆಳಗ್ಗೆಯೆಲ್ಲ ಉಜ್ಜಿದ್ದ ಬೆರಳುಗಳ ಮೇಲೆ ಮತ್ತೆ ಬಿಳಿ ಹತ್ತಿತ್ತು. ಚಿಕ್ಕಮ್ಮ ಮಗಳ ಕೈಯಲ್ಲಿದ್ದ ಒದ್ದೆ ಬಟ್ಟೆಯ ಕಡೆ ನೋಡಿದಳು.

ಮಗಳು ಅದನ್ನು ಹಿಂಡಿ, ಕಿಟಕಿಯ ಸರಳಿನ ಮೇಲೆ ಒಣಹಾಕಿದಳು.