ಪ್ಯಾಕಿಂಗ್ ವಿಭಾಗದವರು

"ಇನ್ನೊಂದು ಸ್ವಲ್ಪ ಹಾಕ್ಲಾ, ಮೇಡಂ?"

ಅತ್ತೆ ಸೌಟು ಹಿಡಿದುಕೊಂಡು ಹೀಗೆ ಕೇಳಿದಾಗ ಸೊಸೆ ತಟ್ಟೆಯಿಂದ ತಲೆಯೆತ್ತಿದಳು. ತಮಾಷೆಯಿರಬೇಕೆಂದು ನಗಲು ಹೊರಟವಳು ಅತ್ತೆಯ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದಳು. ಆ ಮುಖದಲ್ಲಿ ತಮಾಷೆಯ ಸುಳಿವೇ ಇರಲಿಲ್ಲ. ಸಾಕೆಂದು ಕೈ ಅಡ್ಡ ಹಿಡಿದಳು. ಅತ್ತೆ "ಸರಿ ಮೇಡಂ" ಎಂದು ಒಲೆಯ ಕಡೆ ತಿರುಗಿಕೊಂಡರು. ಬಸ್ಸು ಓಡಿಸುವ ಗಂಡ ಬೆಳಕು ಹರಿಯುವ ಮೊದಲೇ ಹೊರಟುಹೋಗಿದ್ದ. ಅವನಿದ್ದಿದ್ದರೆ ಇಬ್ಬರನ್ನೂ ರೇಗಿಸಿ ವಿಷಯ ಹೊರಗೆಳೆಯುತ್ತಿದ್ದ.

ಮೇಡಂ ಎಂಬ ಮಾತು ಆ ಮನೆಗೆ ಹೊಸದೇನಲ್ಲ. ಆದರೆ ಅದಕ್ಕೆಂದೇ ಒಂದು ಜಾಗವಿತ್ತು, ಒಂದು ಹೊತ್ತಿತ್ತು. ಅಡುಗೆಮನೆ ಆ ಜಾಗವಲ್ಲ, ತಿಂಡಿಯ ಸಮಯ ಆ ಹೊತ್ತಲ್ಲ.

ಸೊಸೆ ತೋಟದ ಕೆಲಸಕ್ಕೆ ಹಾಕಿಕೊಳ್ಳುವ ಬಟ್ಟೆಯ ಕೈಗವಸು ಹೊಲಿದು ಆನ್‌ಲೈನಿನಲ್ಲಿ ಮಾರುತ್ತಿದ್ದಳು. ಹೊಲಿಗೆ ಬರುತ್ತಿತ್ತು, ವ್ಯಾಪಾರದ ತಲೆಬುಡ ಗೊತ್ತಿರಲಿಲ್ಲ. ಹಾಗಾಗಿ ಫೋನಿನಲ್ಲಿ ಸಲಹೆ ಹೇಳುವ ಹೆಂಗಸೊಬ್ಬಳನ್ನು ಗುರುವಾಗಿ ಹಿಡಿದಳು. ಮನೆಯವರು ಆಕೆಗೆ ಇಟ್ಟ ಹೆಸರು ಸಲಹೆಯಮ್ಮ. ಕೆಲಸಕ್ಕೆಂದೇ ಒಂದು ಕೋಣೆ ಬಿಡಿ, ಅಲ್ಲಿ ಬಟ್ಟೆ ಒಣಹಾಕಬೇಡಿ, ಎಂದಳು ಸಲಹೆಯಮ್ಮ. ಹಿಂದಿನ ಕೋಣೆಯ ಹಗ್ಗ ಬಿಚ್ಚಿದ್ದಾಯಿತು. ಕೆಲಸಕ್ಕೆ ಬೇರೆ ಚಪ್ಪಲಿ ಇಟ್ಟುಕೊಳ್ಳಿ, ಅದು ಕಾಲಿಗೆ ಸೇರಿದರೆ ಮನಸ್ಸು ಆಫೀಸಿಗೆ ಹೊರಡುತ್ತದೆ, ಎಂದಳು. ಕೋಣೆಯ ಬಾಗಿಲಲ್ಲಿ ಎರಡು ಜೊತೆ ಹೊಸ ಚಪ್ಪಲಿ ಬಂದು ಕೂತವು. ಕೆಲಸದ ಹೊತ್ತಿನಲ್ಲಿ ನಂಟಸ್ತಿಕೆ ಬೇಡ, ಹುದ್ದೆ ಹಿಡಿದು ಕರೆಯಿರಿ, ಎಂದಳು. ಅಂದಿನಿಂದ ಆ ಕೋಣೆಯ ಹೊಸ್ತಿಲು ದಾಟಿದರೆ ಸೊಸೆ ಮೇಡಂ ಆದಳು, ಅತ್ತೆ ಪ್ಯಾಕಿಂಗ್ ವಿಭಾಗವಾದರು. ನನ್ನ ಹುದ್ದೆ ಯಾವುದೆಂದು ಗಂಡ ಕೇಳಿದಾಗ ಅತ್ತೆಯೇ, "ನೀನು ಕಾವಲುಗಾರ, ಹೊರಗೇ ನಿಲ್ಲು" ಎಂದಿದ್ದರು.

ಅದಕ್ಕೂ ಮೊದಲು ಅತ್ತೆ ಸೊಸೆಗೆ ಜಗಳವೂ ಇರಲಿಲ್ಲ, ಸಲಿಗೆಯೂ ಇರಲಿಲ್ಲ. ಒಂದೇ ಸೂರಿನಡಿ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಂಡು ಓಡಾಡುತ್ತಿದ್ದರು, ಅಷ್ಟೇ. ಮೇಜಿನ ಆಚೆ ಈಚೆ ಕೂತು ಕೈಗವಸು ಜೋಡಿಸತೊಡಗಿದ ಮೇಲೆ ಮಾತು ತಾನಾಗಿ ಹುಟ್ಟಿತು. ಅತ್ತೆ ಪ್ರತಿ ಜೊತೆಯನ್ನೂ ತಮ್ಮ ಕೈಗೇ ಹಾಕಿ ನೋಡಿ, ಮೂಲೆಗೆ ಕ್ಲಿಪ್ಪು ಸಿಕ್ಕಿಸಿ, ಕಾಗದ ಸುತ್ತುತ್ತಿದ್ದರು. ತಂಗಿಗೆ ಫೋನು ಮಾಡಿ, ಈ ವಯಸ್ಸಿಗೆ ನಂಗೊಂದು ಕೆಲಸ ಸಿಕ್ಕಿದೆ ಕಣೇ ಎಂದು ಹೇಳಿಕೊಂಡದ್ದು ಸೊಸೆಯ ಕಿವಿಗೆ ಬಿದ್ದಿತ್ತು. ಜೀವಮಾನವಿಡೀ ಮನೆಯೊಳಗೆ ದುಡಿದ ಹೆಂಗಸಿಗೆ ಅದು ಮೊದಲ ಕೆಲಸ. ಅವತ್ತು ಸೊಸೆಗೂ ಎದೆ ತುಂಬಿ ಬಂದಿತ್ತು.

ತಿಂಡಿ ಮುಗಿಸಿ ಕೋಣೆಗೆ ಬಂದರೆ ಬಾಗಿಲಲ್ಲಿ ಒಂದೇ ಜೊತೆ ಚಪ್ಪಲಿ. ಅತ್ತೆಯದು ಕಾಣಲಿಲ್ಲ. ಹೊಲಿಗೆಯಂತ್ರದ ಮುಂದೆ ಕೂತು ಎರಡು ಸಾಲು ಹೊಲಿದಳು, ದಾರ ಕಡಿಯಿತು, ಮತ್ತೆ ಪೋಣಿಸಿದಳು. ಅತ್ತೆ ಬರಲಿಲ್ಲ. ಮೈಯಲ್ಲಿ ಹುಷಾರಿಲ್ಲವೇನೋ. ಅಥವಾ ಸಾರಿಗೆ ಉಪ್ಪು ಹೆಚ್ಚಾಯಿತೆಂದು ತಾನು ನಿನ್ನೆ ಆಡಿದ ಮಾತು ನಾಟಿತೋ. ಉಪ್ಪಿನ ಮಾತಿಗೆ ಯಾರಾದರೂ ಮೇಡಂ ಎನ್ನುತ್ತಾರೆಯೇ? ಹೋಗಿ ಕೇಳೋಣವೆಂದರೆ ಕೆಲಸದ ಹೊತ್ತಿನಲ್ಲಿ ಕೋಣೆ ಬಿಟ್ಟು ಏಳಬಾರದೆಂದು ಸಲಹೆಯಮ್ಮನ ಅಪ್ಪಣೆ. ಆ ಅಪ್ಪಣೆ ಮೀರಬೇಕೋ ಪಾಲಿಸಬೇಕೋ ತಿಳಿಯದೆ ಅವಳು ಒಂದು ಕಾಲಿನ ಚಪ್ಪಲಿ ಬಿಟ್ಟು, ಇನ್ನೊಂದನ್ನು ಹಾಕಿಕೊಂಡೇ ಕೂತಿದ್ದಳು.

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ನಿನ್ನೆ ದೂರು ಕೊಟ್ಟಿದ್ದ ಗಿರಾಕಿ.

ದೂರು ನ್ಯಾಯವಾದದ್ದೇ. ಎಲೆಯ ಚಿತ್ತಾರದ ಒಂದು ಜೊತೆ ತರಿಸಿಕೊಂಡ ಆಕೆಗೆ ಎರಡೂ ಎಡಗೈಯವೇ ಹೋಗಿದ್ದವು. ತಪ್ಪಾದಾಗ ಬರೀ ಕ್ಷಮೆ ಕೇಳಿದರೆ ಸಾಲದು, ಕ್ರಮ ಕೈಗೊಂಡಿದ್ದೇವೆ ಎನ್ನಿ, ಗಿರಾಕಿಗೆ ಅದೇ ಬೇಕು, ಎಂದು ಸಲಹೆಯಮ್ಮ ಹೇಳಿದ್ದಳಲ್ಲ. ಸೊಸೆಯ ಎರಡೂ ಕೈ ಯಂತ್ರದ ಮೇಲಿದ್ದವು. ಪಕ್ಕದಲ್ಲಿಟ್ಟ ಫೋನಿಗೆ ಬಾಯಲ್ಲೇ ಹೇಳಿ ಉತ್ತರ ಬರೆಸಿದ್ದಳು. ನಮ್ಮ ಪ್ಯಾಕಿಂಗ್ ವಿಭಾಗದಿಂದ ಪ್ರಮಾದವಾಗಿದೆ, ಸಂಬಂಧಪಟ್ಟವರನ್ನು ಕೆಲಸದಿಂದ ತೆಗೆದಿದ್ದೇವೆ, ಹೊಸ ಜೊತೆ ಕಳಿಸುತ್ತೇವೆ. ಎಷ್ಟು ದೊಡ್ಡ ಕಂಪನಿಯ ಮಾತಿನಂತಿದೆಯೆಂದು ತನಗೇ ಹೆಮ್ಮೆಯಾಗಿತ್ತು.

ಈಗ ಗಿರಾಕಿಯ ದನಿ ಬೇರೆಯೇ ಇತ್ತು. ನಿನ್ನೆಯಿಂದ ತನಗೆ ಊಟ ಸೇರುತ್ತಿಲ್ಲ, ಒಂದು ಜೊತೆ ಕೈಗವಸಿಗಾಗಿ ಯಾರದೋ ಅನ್ನ ಕಿತ್ತ ಹಾಗಾಯಿತು, ಹೊಸ ಜೊತೆಯೂ ಬೇಡ, ಏನೂ ಬೇಡ, ಅವರನ್ನು ವಾಪಸು ತೆಗೆದುಕೊಳ್ಳಿ, ಎಂದಳು. ಸೊಸೆ ಕಕ್ಕಾಬಿಕ್ಕಿಯಾದಳು. ಇಲ್ಲದ ಒಬ್ಬಳನ್ನು ತೆಗೆದದ್ದು ಸುಲಭವಾಗಿತ್ತು, ಅವಳನ್ನು ವಾಪಸು ಎಲ್ಲಿಂದ ತರುವುದು? ಮೇಲಿನವರನ್ನು ಕೇಳಿ ಹೇಳುತ್ತೇನೆ ಎಂದುಬಿಟ್ಟಳು.

"ಕೇಳಿ ಹೇಳಿ. ಆಮೇಲೆ ನಾನೇ ಮಾಡ್ತೀನಿ. ಅವರ ಬಾಯಿಂದಲೇ ನಂಗೆ ಕೇಳಿಸಿಬಿಡಿ, ವಾಪಸು ಬಂದಿದ್ದೀನಿ ಅಂತ," ಎಂದು ಗಿರಾಕಿ ಫೋನಿಟ್ಟಳು.

ಮೇಲಿನವರು ಯಾರು? ಮಾಡಿನ ಮೇಲೆ ನೀರಿನ ತೊಟ್ಟಿ ಬಿಟ್ಟರೆ ಬೇರೇನೂ ಇರಲಿಲ್ಲ. ತಲೆ ಕೆಟ್ಟು ಎದ್ದು ಕಿಟಕಿಯ ಬಳಿ ಹೋದಳು. ಫೋಟೊಗಳನ್ನು ಕಿಟಕಿಯ ಬೆಳಕಿನಲ್ಲೇ ತೆಗೆಯಿರೆಂದು ಸಲಹೆಯಮ್ಮ ಹೇಳಿದ್ದರಿಂದ ಅವಳು ಅಲ್ಲೇ ಹೊಸ ಮಾಲು ಹರಡುತ್ತಿದ್ದಳು. ಪರದೆಯ ಹಿಂದೆ ಎಲೆಯ ಚಿತ್ತಾರದ ಎರಡು ಕೈಗವಸು ಬಿದ್ದಿದ್ದವು. ಎತ್ತಿ ನೋಡಿದಳು. ಎರಡೂ ಬಲಗೈಯವು. ಚಿತ್ತಾರ ಚೆಂದ ಕಾಣಲೆಂದು ಎರಡು ಎಡಗೈಯವನ್ನು ಅಕ್ಕಪಕ್ಕ ಇಟ್ಟು ಫೋಟೊ ತೆಗೆದವಳು ತಾನೇ. ಹಾಗೆಯೇ ಕ್ಲಿಪ್ಪು ಹಾಕಿ ಅತ್ತೆಯ ಬುಟ್ಟಿಗೆ ಹಾಕಿದವಳೂ ತಾನೇ. ಮೇಡಂ ಕ್ಲಿಪ್ಪು ಹಾಕಿ ಕೊಟ್ಟದ್ದನ್ನು ಅತ್ತೆ ಬಿಚ್ಚಿ ನೋಡುತ್ತಿರಲಿಲ್ಲ.

ಇಲ್ಲದ ಒಬ್ಬಳು ಯಾರೆಂದು ಆಗ ಅವಳಿಗೆ ಹೊಳೆಯಿತು. ನಿನ್ನೆ ತಾನು ಫೋನಿಗೆ ಜೋರಾಗಿ ಹೇಳುತ್ತಿದ್ದಾಗ ಬಾಗಿಲಲ್ಲಿ ಚಹಾದ ಲೋಟ ಟಣ್ ಎಂದಿತ್ತು. ತಿರುಗುವಷ್ಟರಲ್ಲಿ ಲೋಟವೊಂದೇ ಇತ್ತು, ತಂದವರು ಇರಲಿಲ್ಲ.

ಅತ್ತೆ ಹಿತ್ತಿಲಲ್ಲಿದ್ದರು. ಅವರ ಕೆಲಸದ ಚಪ್ಪಲಿ ತೊಳೆದು, ಗೋಡೆಗೆ ಆನಿಸಿ ಒಣಗಲಿಟ್ಟಿತ್ತು. ವಾಪಸು ಕೊಡುವ ವಸ್ತುವನ್ನು ಜನ ಹಾಗೆ ಚೊಕ್ಕ ಮಾಡುತ್ತಾರೆ.

"ಒಣಗಿದ ಮೇಲೆ ಕೋಣೇಲಿ ಇಟ್ಬಿಡ್ತೀನಿ. ಹೊಸಬರಿಗೆ ಆಗತ್ತೆ," ಎಂದರು ಅತ್ತೆ.

"ಅದು ಸುಮ್ನೆ ಬರೆದದ್ದು ಅತ್ತೆ. ಯಾರನ್ನೂ ತೆಗೆದಿಲ್ಲ."

"ಯಾರನ್ನೂ ಅಂದ್ರೆ? ಪ್ಯಾಕಿಂಗಲ್ಲಿ ಇರೋದು ನಾನೊಬ್ಳೇ ಅಲ್ವಾ?"

ಸೊಸೆ ಕೈಯಲ್ಲಿದ್ದ ಎರಡು ಬಲಗೈಗವಸನ್ನು ಮುಂದೆ ಚಾಚಿ, ತಪ್ಪು ತನ್ನದು, ಕ್ಲಿಪ್ಪು ಹಾಕಿದ್ದು ತಾನು, ಎಂದು ಒಂದೇ ಉಸಿರಿಗೆ ಹೇಳಿದಳು. ಅತ್ತೆ ಅವನ್ನು ಮುಟ್ಟಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಸೊಸೆಯಾಗಿ ಕಾಲು ಹಿಡಿಯಬೇಕೋ, ಮೇಡಂ ಆಗಿ ಕೆಲಸಕ್ಕೆ ವಾಪಸು ಕರೆಯಬೇಕೋ, ಯಾವುದು ಮಾಡಿದರೂ ಇನ್ನೊಂದು ತಪ್ಪಾಗುವಂತೆ ಅವಳಿಗೆ ಕಂಡಿತು. ಅಷ್ಟರಲ್ಲಿ ಫೋನು ಮತ್ತೆ ಬಡಿದುಕೊಂಡಿತು. ಗಿರಾಕಿಗೆ ತಡೆಯಲಾಗಿರಲಿಲ್ಲ. ಸೊಸೆ ಫೋನನ್ನು ಅತ್ತೆಯ ಕೈಗಿತ್ತಳು.

ಅತ್ತೆ ಕಿವಿಗಿಟ್ಟುಕೊಂಡು ಬಹಳ ಹೊತ್ತು ಕೇಳಿದರು. ನಿಜ ಹೇಳಿಬಿಟ್ಟರೆ ಅಂಗಡಿಯ ಮಾನ ಅಲ್ಲಿಗೇ ಮುಗಿಯುತ್ತಿತ್ತು. ಹೇಳಲಿ ಬಿಡು ಎಂದೂ ಸೊಸೆಗೆ ಅನಿಸಿತು.

"ಹೌದಮ್ಮ, ನಾನೇ," ಎಂದರು ಅತ್ತೆ. ಕಣ್ಣು ಸೊಸೆಯ ಮೇಲೇ ಇತ್ತು. "ಇಲ್ಲ, ನನ್ನನ್ಯಾರೂ ಕಳಿಸಿಲ್ಲ. ನಮ್ಮ ಮೇಡಂ ಅಂಥವರಲ್ಲ. ನೀವು ಊಟ ಮಾಡಿ."

ಫೋನು ವಾಪಸು ಕೊಟ್ಟು ಅತ್ತೆ ಒಳಗೆ ನಡೆದರು. ಸೊಸೆ ಹಿಂದೆ ಹಿಂದೆ ಹೋದಳು. ಕೋಣೆಯ ಬಾಗಿಲಲ್ಲಿ ಅತ್ತೆ ಬರಿಗಾಲಲ್ಲಿ ನಿಂತುಬಿಟ್ಟರು. ಚಪ್ಪಲಿ ಇನ್ನೂ ಒದ್ದೆಯಿತ್ತು. ಸೊಸೆ ತನ್ನ ಕಾಲಲ್ಲಿದ್ದ ಒಂದನ್ನು ಕಳಚಿ, ಮೇಜಿನ ಕೆಳಗಿದ್ದ ಇನ್ನೊಂದನ್ನೂ ಎಳೆದು, ಜೋಡಿಸಿ ಅವರ ಮುಂದಿಟ್ಟಳು. ಅತ್ತೆ ಹಾಕಿಕೊಂಡರು. ಒಂದು ಅಳತೆ ದೊಡ್ಡದು, ನಡೆದಾಗ ಹಿಂಬದಿ ಟಪ್ ಟಪ್ ಎಂದಿತು.

ಅವರು ತಮ್ಮ ಜಾಗದಲ್ಲಿ ಕೂತು, ಸೊಸೆಯ ಕೈಯಿಂದ ಒಂದು ಬಲಗೈಗವಸು ತೆಗೆದುಕೊಂಡರು. ಹೊಲಿದಿಟ್ಟ ರಾಶಿ ಕೆದಕಿ ಅದೇ ಚಿತ್ತಾರದ ಎಡಗೈಯದನ್ನು ಹುಡುಕಿದರು. ಎರಡನ್ನೂ ಕೈಗೆ ಹಾಕಿಕೊಂಡು, ಹೆಬ್ಬೆರಳುಗಳು ಒಂದನ್ನೊಂದು ನೋಡುವಂತೆ ಅಂಗೈ ಎತ್ತಿ ಹಿಡಿದರು.

"ಸರಿ ಇದ್ಯಾ?" ಎಂದರು.

ಆ ಮಾತಿಗೆ ಬಾಲವಾಗಿ ಮೇಡಂ ಎಂಬ ಮಾತೂ ಬರುತ್ತದೋ ಎಂದು ಸೊಸೆ ಬರಿಗಾಲಲ್ಲಿ ನಿಂತೇ ಕಾದಳು. ಎಲೆಗಳ ಚಿತ್ತಾರದ ಎರಡು ಕೈ ಇನ್ನೂ ಕೆಳಗಿಳಿದಿರಲಿಲ್ಲ.