ಹನ್ನೊಂದು ನಲವತ್ತೆರಡರ ಸಂದೇಶ

ಆ ವರ್ಷ, ಅಂದರೆ ೨೦೦೭ರಲ್ಲಿ, ಪ್ರೇರಣಾ ನೋಯ್ಡಾದ ಕಂಪನಿಗೆ ಸೇರಿ ನಾಲ್ಕು ವರ್ಷವಾಗಿತ್ತು. ಕಾರ್ಖಾನೆಯ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಂದೇಶ ಸಾಗಿಸುವ ತಂತ್ರಾಂಶ ಅವರದು. ಸಂದೇಶ ಯಾವ ದಾರಿಯಲ್ಲಿ ಹೋಗಬೇಕು ಎಂಬುದನ್ನು ಅದರಲ್ಲಿ ಒಂದೇ ಸಾಲು ಬದಲಿಸಿ ನಿರ್ಧರಿಸಬಹುದಿತ್ತು. ಆ ದಾರಿಗೆ ಅವರು ಟ್ರಾನ್ಸ್‌ಪೋರ್ಟ್ ಎನ್ನುತ್ತಿದ್ದರು. ಟಿಸಿಪಿ ಎಂದು ಬರೆದರೆ, ಆ ಕಡೆಯವರು ‘ಬಂತು’ ಎನ್ನುವವರೆಗೆ ಈ ಕಡೆಯವರು ಬಿಡುವುದಿಲ್ಲ, ಕಳೆದುಹೋದದ್ದನ್ನು ಮತ್ತೆ ಕಳಿಸುತ್ತಾರೆ. ಯುಡಿಪಿ ಎಂದು ಬರೆದರೆ ಕಳಿಸಿ ಸುಮ್ಮನಾಗುವುದು. ಬಹಳ ಬೇಗ ಹೋಗುತ್ತದೆ, ಆದರೆ ತಲುಪಿತೋ ಇಲ್ಲವೋ ಎಂದು ಕೇಳುವವರಿಲ್ಲ.

ಫರೀದಾಬಾದಿನಲ್ಲಿ ಗೇರ್‌ಗಳನ್ನು ತಯಾರಿಸುವ ಕಾರ್ಖಾನೆಯೊಂದಕ್ಕೆ ಅವಳು ಈ ತಂತ್ರಾಂಶ ಹಾಕಿಕೊಟ್ಟಿದ್ದಳು. ಅಲ್ಲಿ ಉಕ್ಕನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಎಣ್ಣೆಯ ತೊಟ್ಟಿಗೆ ಇಳಿಸುತ್ತಿದ್ದರು. ಕಂಟ್ರೋಲ್ ರೂಮಿನ ಜವಾಬ್ದಾರಿ ಬಸವಲಿಂಗಪ್ಪನವರದು. ಭದ್ರಾವತಿಯ ಕಡೆಯವರು, ಫರೀದಾಬಾದಿಗೆ ಬಂದು ಇಪ್ಪತ್ತೆರಡು ವರ್ಷ. ನಿವೃತ್ತಿಗೆ ಒಂದು ವರ್ಷವೂ ಉಳಿದಿರಲಿಲ್ಲ. ಕನ್ನಡದ ಹುಡುಗಿ ಬಂದಿದ್ದಾಳೆಂದು ಮೊದಲ ದಿನವೇ ತಮ್ಮ ಡಬ್ಬಿಯ ರೊಟ್ಟಿ ಅವಳ ಮುಂದೆ ಸರಿಸಿದ್ದರು.

“ಪರದೆ ಹಿಂದೆ ಬೀಳ್ತಿದೆಯಮ್ಮಾ,” ಎಂದು ಒಂದು ದಿನ ಅವರು ಫೋನು ಮಾಡಿದರು. “ಅಲ್ಲಿ ನೂರಾತೊಂಬತ್ತು ಡಿಗ್ರಿ ಆದಾಗ ಇಲ್ಲಿ ಇನ್ನೂ ನೂರೆಪ್ಪತ್ತು ತೋರಿಸ್ತಿದೆ.”

ನಲವತ್ತು ಸೆನ್ಸರ್‌ಗಳು ಸೆಕೆಂಡಿಗೆ ಹತ್ತು ಸಲ ತಾಪಮಾನ ಕಳಿಸುತ್ತಿದ್ದವು. ಒಂದು ಸಂದೇಶ ತಡವಾದರೆ ಅದರ ಹಿಂದಿನವೆಲ್ಲ ಸಾಲುಗಟ್ಟಿ ಕಾಯುತ್ತಿದ್ದವು. ಪ್ರೇರಣಾ ಹೋಗಿ ಆ ಒಂದು ಸಾಲಿನಲ್ಲಿ ಟಿಸಿಪಿ ಅಳಿಸಿ ಯುಡಿಪಿ ಎಂದು ಬರೆದಳು. ಪರದೆ ಚುರುಕಾಯಿತು.

“ಹೀಗೆ ಕಳಿಸಿದರೆ ಒಂದೊಂದು ಕಳೆದುಹೋಗಲ್ವಾ?” ಎಂದು ಬಸವಲಿಂಗಪ್ಪ ಕೇಳಿದರು.

“ಹೋಗಲಿ ಬಿಡಿ ಸರ್. ಮುಂದಿನದು ಬರ್ತಾನೇ ಇರುತ್ತಲ್ಲ.”

ತಾಪಮಾನದ ಮಟ್ಟಿಗೆ ಅದು ನಿಜವಾಗಿತ್ತು. ಆದರೆ ಎಣ್ಣೆ ಮಿತಿಮೀರಿ ಕಾದಾಗ ಕಂಟ್ರೋಲ್ ರೂಮಿನ ಹಾರನ್ ಕೂಗಿಸುವ ಎಚ್ಚರಿಕೆಯೂ ಅದೇ ದಾರಿಯಲ್ಲಿ ಹೋಗುತ್ತಿತ್ತು. ಅದಕ್ಕೆ ಮುಂದಿನದು ಎಂಬುದಿರಲಿಲ್ಲ, ಹೋಗುವುದು ಒಂದೇ ಸಲ. ಅದು ಅವಳಿಗೆ ಹೊಳೆಯಲಿಲ್ಲ. ಹೊಸ ವ್ಯವಸ್ಥೆ ಬಂತೆಂದು ತೊಟ್ಟಿಗೆ ನೇರವಾಗಿ ತಂತಿ ಎಳೆದಿದ್ದ ಹಳೆಯ ಗಂಟೆಯನ್ನು ಬಸವಲಿಂಗಪ್ಪ ತೆಗೆಸಿಹಾಕಿದರು.

ಮೇ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಎಣ್ಣೆ ತಂಪು ಮಾಡುವ ಪಂಪು ನಿಂತುಹೋಯಿತು. ಹಾರನ್ ಕೂಗಲಿಲ್ಲ. ಬಸವಲಿಂಗಪ್ಪ ಇನ್ನೊಂದು ಕುಲುಮೆಯ ಪರದೆ ನೋಡುತ್ತಿದ್ದರು. ಸುಟ್ಟ ವಾಸನೆ ಮೂಗಿಗೆ ಬಡಿದಾಗ ಓಡಿದರು. ತೊಟ್ಟಿ ಹೊತ್ತಿಕೊಂಡಿತ್ತು. ಎಲ್ಲರನ್ನೂ ಹೊರಗೆ ಕಳಿಸಿ, ಗ್ಯಾಸಿನ ವಾಲ್ವ್ ತಿರುಗಿಸಿ ಮುಚ್ಚಿದರು. ಬಲಗೈ ಮೊಣಕೈವರೆಗೆ ಬೆಂದುಹೋಯಿತು.

ಎರಡು ದಿನ ಬಿಟ್ಟು ಪ್ರೇರಣಾಳ ಮ್ಯಾನೇಜರ್ ತ್ಯಾಗಿ ಅವಳನ್ನು ಕರೆದ. ಕಾರ್ಖಾನೆಯವರು ವಿಚಾರಣೆ ನಡೆಸುತ್ತಿದ್ದರು. ಕುಲುಮೆಯ ಕಡೆಯ ಕಂಪ್ಯೂಟರಿನಲ್ಲಿ ದಾಖಲೆ, ಅಂದರೆ ಲಾಗ್, ಸ್ಪಷ್ಟವಾಗಿತ್ತು: ೧೧:೪೨ಕ್ಕೆ ಎಚ್ಚರಿಕೆ ಕಳಿಸಲಾಗಿದೆ. ಹಾಗಾದರೆ ಹಾರನ್ ಕೇಳಿಯೂ ಬಸವಲಿಂಗಪ್ಪ ಕೂತಿದ್ದರು ಎಂದು ಅವರು ಅರ್ಥ ಮಾಡಿಕೊಂಡಿದ್ದರು.

“ಲಾಗ್‌ನಲ್ಲಿ ‘ಸೆಂಟ್’, ಕಳಿಸಿದೆ ಅಂತ ಇದೆಯಲ್ಲ, ಸಾಕು,” ಎಂದ ತ್ಯಾಗಿ ಹಿಂದಿಯಲ್ಲಿ. “ಕಾರ್ಖಾನೆಯವರಿಗೆ ಅಷ್ಟೇ ಬರೆದು ಕಳಿಸು. ನಾವು ಸುಳ್ಳು ಹೇಳ್ತಿಲ್ಲ.”

ಅವಳು ಬರೆಯಲಿಲ್ಲ. ಕಂಟ್ರೋಲ್ ರೂಮಿಗೆ ಬಂದ ಸಂದೇಶಗಳ ಪಟ್ಟಿಯನ್ನು ತರಿಸಿಕೊಂಡಳು. ಪ್ರತಿ ಸಂದೇಶಕ್ಕೂ ಕ್ರಮಸಂಖ್ಯೆ ಇತ್ತು. ೧೧:೪೨ರ ಹತ್ತಿರ ಹದಿನೇಳು ಸಂಖ್ಯೆಗಳು ಇರಲೇ ಇಲ್ಲ. ಕುಲುಮೆಯ ಪಟ್ಟಿಯೊಡನೆ ಹೋಲಿಸಿದಳು. ಹದಿನಾರು ತಾಪಮಾನ, ಒಂದು ಎಚ್ಚರಿಕೆ. ಅದೇ ಹೊತ್ತಿನಲ್ಲಿ ಡ್ರಾಯಿಂಗ್ ವಿಭಾಗದವರು ಅದೇ ನೆಟ್‌ವರ್ಕಿನಲ್ಲಿ ದೊಡ್ಡ ದೊಡ್ಡ ನಕ್ಷೆಗಳನ್ನು ನಕಲು ಮಾಡುತ್ತಿದ್ದರಂತೆ. ಆ ಇಕ್ಕಟ್ಟಿನಲ್ಲಿ ಹದಿನೇಳೂ ಬಿದ್ದುಹೋಗಿದ್ದವು.

ಅವಳು ಎರಡೂ ಪಟ್ಟಿಗಳನ್ನು ಮೊದಲಿನಿಂದ ಇನ್ನೊಂದು ಸಲ ಹೋಲಿಸಿ ನೋಡಿದಳು.

ಮರುದಿನ ಆಸ್ಪತ್ರೆಗೆ ಹೋದಳು. ಬಸವಲಿಂಗಪ್ಪನವರ ಕೈಗೆ ದಪ್ಪ ಬ್ಯಾಂಡೇಜು ಸುತ್ತಿದ್ದರು. ಅವರ ಹೆಂಡತಿ ಲೀಲಾವತಿ ಸ್ಟೂಲಿನ ಮೇಲೆ ಕೂತು ಚಮಚದಲ್ಲಿ ಗಂಜಿ ಕುಡಿಸುತ್ತಿದ್ದರು.

“ಹಾರನ್ ಕೂಗಲೇ ಇಲ್ಲ ಸರ್. ತಪ್ಪು ನನ್ನದು,” ಎಂದು ಪ್ರೇರಣಾ ನಿಂತೇ ಎಲ್ಲವನ್ನೂ ಹೇಳಿದಳು.

ಲೀಲಾವತಿ ಬಟ್ಟಲನ್ನು ಕೆಳಗಿಟ್ಟರು. “ಮೂರು ದಿನದಿಂದ ಇವರು, ನನಗೇ ಕಿವಿ ಕೇಳಿಸಲಿಲ್ವೇನೋ ಅಂತ ಕೊರಗ್ತಿದ್ದಾರೆ. ರಾತ್ರಿಯೆಲ್ಲ ಅದೇ ಮಾತು. ನಿಮಗೆ ಇವತ್ತು ಗೊತ್ತಾಯ್ತಾ?”

ಬಸವಲಿಂಗಪ್ಪ ಕಣ್ಣು ಮುಚ್ಚಿದರು. “ಹಾಗಾದರೆ ನನ್ನ ಕಿವಿ ಸರಿಯಾಗೇ ಇದೆ,” ಎಂದರು. ಆಮೇಲೆ, “ಗಂಟೆ ತೆಗೆಸಿದ್ದು ನಾನು. ಅದನ್ನೂ ಬರಿ. ನಿನ್ನದೊಂದೇ ಅಂತ ಬರೆದರೆ ಅದೂ ಪೂರ್ತಿ ಸತ್ಯ ಆಗಲ್ಲ.”

“ನಾನು ಬರೆದರೆ ಕಂಪನಿಯವರು...”

“ಬಿಡೋದು ಬರೆಯೋದು ನಿನಗೆ ಸೇರಿದ್ದು. ಬರಿ ಅಂತ ನಾನು ಬೇಡಿಕೊಳ್ಳಲ್ಲ,” ಎಂದು ಗೋಡೆಯ ಕಡೆ ಮುಖ ತಿರುಗಿಸಿದರು.

ವಿಚಾರಣೆಯ ದಿನ ಅವಳು ಎರಡು ಪಟ್ಟಿಗಳನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಳು. ತ್ಯಾಗಿ ಅವಳ ಪಕ್ಕದಲ್ಲೇ ಕೂತಿದ್ದ.

“ಕಳಿಸಿದೆ ಅಂತ ನಿಮ್ಮ ಲಾಗೇ ಹೇಳುತ್ತಲ್ಲ?” ಎಂದು ಕಾರ್ಖಾನೆಯ ಅಧಿಕಾರಿ ಕೇಳಿದರು.

“ಕಳಿಸಿದ್ದು ನಿಜ ಸರ್. ತಲುಪಿಲ್ಲ. ತಲುಪಿತೇ ಅಂತ ಕೇಳದ ದಾರಿಯಲ್ಲಿ ಎಚ್ಚರಿಕೆಯನ್ನೂ ಕಳಿಸಿದ್ದು ನಾನು.” ಗಂಟೆಯ ವಿಷಯವನ್ನೂ ಹೇಳಿದಳು.

ಬಸವಲಿಂಗಪ್ಪನವರ ಮೇಲಿನ ಆರೋಪ ಬಿದ್ದುಹೋಯಿತು. ಕಾರ್ಖಾನೆಯವರ ಇನ್ನೊಂದು ಘಟಕದ ಕೆಲಸ ಅವಳ ಕಂಪನಿಯ ಕೈತಪ್ಪಿತು. ತ್ಯಾಗಿ ಬೈಯಲಿಲ್ಲ, ಆದರೆ ಆಮೇಲೆ ಯಾವ ಹೊಸ ಪ್ರಾಜೆಕ್ಟಿಗೂ ಅವಳ ಹೆಸರು ಹೇಳಲಿಲ್ಲ. ಫರೀದಾಬಾದಿನ ದೋಷ ಸರಿಪಡಿಸುವ ಕೆಲಸವನ್ನು ಮಾತ್ರ ಅವಳಿಗೇ ಬಿಟ್ಟ.

ಅವಳು ದಾರಿ ಎರಡು ಮಾಡಿದಳು. ತಾಪಮಾನ ಮೊದಲಿನ ವೇಗದ ದಾರಿಯಲ್ಲೇ ಹೋಗಲಿ. ಎಚ್ಚರಿಕೆ ಟಿಸಿಪಿಯಲ್ಲಿ. ಅಷ್ಟೂ ಸಾಲದೆಂದು, ಕಂಟ್ರೋಲ್ ರೂಮಿನಲ್ಲಿ ಮನುಷ್ಯನೊಬ್ಬ ಗುಂಡಿ ಒತ್ತುವವರೆಗೆ ಅದು ಮತ್ತೆ ಮತ್ತೆ ಬರುವಂತೆ ಮಾಡಿದಳು. ಸಂಪರ್ಕ ಕಡಿದುಹೋದರೆ ಕುಲುಮೆಯ ಬಳಿ, ಕಂಟ್ರೋಲ್ ರೂಮಿನಲ್ಲಿ, ಎರಡೂ ಕಡೆ ಹಾರನ್ ಕೂಗಬೇಕು.

ಪರೀಕ್ಷೆ ನಡೆದದ್ದು ನವೆಂಬರಿನಲ್ಲಿ. ಬಸವಲಿಂಗಪ್ಪನವರ ಬಲಗೈಯ ಎರಡು ಬೆರಳು ಇನ್ನೂ ಮಡಚುತ್ತಿರಲಿಲ್ಲ. ಅವರು ಹೋಗಿ ನೆಟ್‌ವರ್ಕಿನ ಕೇಬಲನ್ನು ತಾವೇ ಎಳೆದುಹಾಕಿದರು. ಎರಡೂ ಕಡೆ ಹಾರನ್ ಕೂಗಿತು. ಕೂಗಲಿ ಎಂದು ಇಡೀ ನಿಮಿಷ ಬಿಟ್ಟರು. ಆಮೇಲೆ ಕೇಬಲ್ ಸಿಕ್ಕಿಸಿ, ಇನ್ನೊಂದು ಸಲ ಎಳೆದರು. ಹೀಗೆ ಆರು ಸಲ.

“ಸರಿ, ಒಪ್ಪಿಗೆಯ ಕಾಗದ ಕೊಡು,” ಎಂದರು.

ಎಡಗೈಯಲ್ಲಿ ಪೆನ್ನು ಹಿಡಿದು ತಮ್ಮ ಹೆಸರಿನ ಒಂದೊಂದೇ ಅಕ್ಷರ ಬರೆಯತೊಡಗಿದರು. ಪ್ರೇರಣಾ ಕಾಗದ ಜಾರದಂತೆ ಅದರ ಅಂಚನ್ನು ಒತ್ತಿ ಹಿಡಿದು, ಅವರು ಬರೆದು ಮುಗಿಸುವವರೆಗೆ ಪಕ್ಕದಲ್ಲಿ ನಿಂತಳು.