ಕುರ್ಚಿಯಿಂದ ಅಡುಗೆಮನೆಯವರೆಗೆ

ಗಿರಗಿಟ್ಲೆಯನ್ನು ಹೊಗಳದವರು ಆ ಬೀದಿಯಲ್ಲೇ ಇರಲಿಲ್ಲ. "ಹೆತ್ತ ಮಗಳೂ ಹೀಗೆ ನೋಡ್ಕೊಳ್ಳಲ್ಲ ಬಿಡಿ" ಎಂದು ಎದುರುಮನೆಯಾಕೆ ಬಾಲ್ಕನಿಯಿಂದಲೇ ಸರ್ಟಿಫಿಕೇಟ್ ಕೊಡುತ್ತಿದ್ದಳು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಗಿರಗಿಟ್ಲೆ ತಲೆ ತಗ್ಗಿಸಿ ಒಳಗೆ ಹೋಗಿಬಿಡುತ್ತಿದ್ದಳು. ಹೋಗದೆ ಏನು! ಮಾಡುತ್ತಿದ್ದ ಕೆಲಸ ಅಂಥದ್ದು.

ಆ ಅಡ್ಡಹೆಸರು ಇಟ್ಟವರು ಟೈಲರಮ್ಮ. ಮನೆಯ ಕೆಳಗಿನ ಅಂಗಡಿಯಲ್ಲಿ ನಲವತ್ತು ವರ್ಷ ಬಟ್ಟೆ ಹೊಲಿದವರು. ಅಂಗಡಿ ಬಿಟ್ಟರೂ ಮೆಷಿನ್ ಬಿಟ್ಟಿರಲಿಲ್ಲ. ಅದು ಅಡುಗೆಮನೆ ಬಾಗಿಲ ಪಕ್ಕ, ಕಿಟಕಿಯ ಬೆಳಕಿಗೆ ಕೂತಿತ್ತು. ಎಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಬಚ್ಚಲಲ್ಲಿ ಜಾರಿ, ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿ ಮನೆಗೆ ಬಂದಾಗ ಮಗಳು ಗಿರಗಿಟ್ಲೆಯನ್ನು ಗೊತ್ತುಮಾಡಿದ್ದಳು. ಮನೆಯಲ್ಲೇ ಉಳಿದು ಕಾಯಿಲೆಯವರನ್ನು ನೋಡಿಕೊಳ್ಳುವುದು ಈಕೆಯ ಕಸುಬು. ಏಜೆನ್ಸಿ ಗೀಜೆನ್ಸಿ ಏನಿಲ್ಲ; ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಹೋದ ಫೋನ್ ನಂಬರೇ ಬಂಡವಾಳ. ಬಕೆಟ್ಟು, ಮಾತ್ರೆ, ಒಗೆತ, ಅಡುಗೆ ಅಂತ ಮನೆಯೆಲ್ಲ ಸುತ್ತುತ್ತಿದ್ದಳು. "ಒಂದ್ಕಡೆ ಕೂತ್ಕೊಳ್ಳೇ ಗಿರಗಿಟ್ಲೆ, ನಿನ್ನ ನೋಡ್ತಾ ನಂಗೇ ತಲೆ ಸುತ್ತು ಬರುತ್ತೆ" ಎನ್ನುತ್ತಿದ್ದರು ಟೈಲರಮ್ಮ.

ಮೊದಲ ವಾರವೇ ಫಿಸಿಯೋ ಮೇಡಂ ಬಂದು ಎಲ್ಲ ತೋರಿಸಿಕೊಟ್ಟಿದ್ದರು. ಕುರ್ಚಿಯ ಅಂಚಿಗೆ ಜರುಗಬೇಕು, ಪಾದ ಹಿಂದಕ್ಕೆ ಎಳೆದುಕೊಳ್ಳಬೇಕು, ಮುಂದೆ ಬಾಗಿ, ಕುರ್ಚಿಯ ಕೈ ಒತ್ತಿ ಏಳಬೇಕು. ಎದ್ದ ಮೇಲೆ ವಾಕರ್ ಹಿಡಿದು ಅಡುಗೆಮನೆಯವರೆಗೆ ಹನ್ನೆರಡು ಹೆಜ್ಜೆ. "ಪಕ್ಕದಲ್ಲಿ ನಿಂತಿರಿ, ಬೀಳದ ಹಾಗೆ ನೋಡ್ಕೊಳ್ಳಿ. ಆದ್ರೆ ಎಬ್ಬಿಸಬೇಡಿ. ಬೈದ್ರೆ ಬೈಸ್ಕೊಳ್ಳಿ. ನೀವು ಎಬ್ಬಿಸಿದಷ್ಟೂ ಅವರ ಕಾಲು ಸೋಮಾರಿ ಆಗುತ್ತೆ. ಮೂರು ತಿಂಗಳು ಬಿಟ್ಟು ಬಂದು ನೋಡ್ತೀನಿ."

ಎರಡು ವಾರ ಗಿರಗಿಟ್ಲೆ ಮೇಡಂ ಹೇಳಿದ ಹಾಗೇ ನಡೆದುಕೊಂಡಳು. ಟೈಲರಮ್ಮ ಬೈದರು, ಬೆವೆತರು, ಒಂದು ದಿನ ತಾವೇ ಎದ್ದು ನಿಂತು ನಾಲ್ಕು ಹೆಜ್ಜೆ ಇಟ್ಟೇಬಿಟ್ಟರು. ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದೇ ನಕ್ಕಿದ್ದು. ಸಂಜೆ ಬಂದ ಮಗಳಿಗೂ ಸುದ್ದಿ ಮುಟ್ಟಿತು. ಅವಳು ಬಾಲ್ಕನಿಗೆ ಹೋಗಿ ಗಂಡನಿಗೆ ಫೋನ್ ಮಾಡಿದಳು. "ಹೀಗೇ ಆದ್ರೆ ಬರೋ ತಿಂಗಳು ಆಕೇನ ಬಿಡಿಸಬಹುದು ರೀ."

ಪಕ್ಕದಲ್ಲೇ ಒಗೆದ ಬಟ್ಟೆ ಹಿಂಡುತ್ತಿದ್ದ ಗಿರಗಿಟ್ಲೆಗೆ ಅದು ಕೇಳಿಸಿತು. ಬಿಡಿಸಿದರೆ ಹೋಗುವುದೆಲ್ಲಿಗೆ? ಅಕ್ಕನ ಮನೆಗೆ. ಅಲ್ಲಿ ಭಾವ ಟಿವಿ ಆರಿಸುವವರೆಗೆ ಹಾಲ್‌ನಲ್ಲಿ ಹಾಸಿಗೆ ಬಿಚ್ಚುವಂತಿಲ್ಲ. ಭಾವ ಏನೂ ಅನ್ನುವವನಲ್ಲ, ಅನ್ನದೆಯೇ ಎಲ್ಲ ಅನ್ನುವವನು. ಇಲ್ಲಿ ಅವಳದೇ ಒಂದು ಕೋಣೆ ಇತ್ತು. ಒಳಗಿನಿಂದ ಚಿಲಕ ಇತ್ತು. ನಲವತ್ತಾರು ವರ್ಷದಲ್ಲಿ ಅವಳಿಗೆ ಅಂಥದ್ದೊಂದು ಚಿಲಕ ಸಿಕ್ಕಿದ್ದು ಇದೇ ಮೊದಲು.

ಮಾರನೆಯ ಬೆಳಿಗ್ಗೆ ಟೈಲರಮ್ಮ ಕುರ್ಚಿಯ ಅಂಚಿಗೆ ಜರುಗಿದರು. ಗಿರಗಿಟ್ಲೆಯ ಕೈ ಮುಂದೆ ಬಂತು. ಕೈ ತಾನಾಗಿಯೇ ಹೋಯಿತು ಎಂದು ಆಮೇಲೆ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಸುಳ್ಳು! ಕೈ ತಾನಾಗಿ ಎಲ್ಲಿಗೆ ಹೋಗುತ್ತದೆ? ಆ ದಿನದಿಂದ ಏಳುವಾಗ ಕೈ, ಕೂರುವಾಗ ಕೈ, ಹೆಜ್ಜೆ ಹೆಜ್ಜೆಗೂ ಕೈ. "ಸುಸ್ತಾಗಿದೀರ, ಇವತ್ತು ಬೇಡ ಬಿಡಿ. ಏನು ಬೇಕು ಹೇಳಿ, ನಾನೇ ತರ್ತೀನಿ." ಟೈಲರಮ್ಮನಿಗೂ ಹಾಯೆನಿಸಿತು. ನೋಯುವ ಸೊಂಟಕ್ಕೆ ಯಾರಾದರೂ ಬೇಡ ಎಂದರೆ ಬೇಕು ಎನ್ನುತ್ತದೆಯೇ? ಫಿಸಿಯೋ ಮೇಡಂ ಫೋನ್ ಮಾಡಿದರೆ, "ನಡೀತಿದೆ ಮೇಡಂ, ನಿಧಾನಕ್ಕೆ" ಎನ್ನುತ್ತಿದ್ದಳು.

ಮೂರು ತಿಂಗಳಾಯಿತು. ಮೇಡಂ ಬಂದರು, ಮಗಳೂ ರಜೆ ಹಾಕಿ ಬಂದಳು.

"ನೀವು ಬಾಗಿಲ ಹತ್ರ ನಿಲ್ಲಿ" ಎಂದು ಮೇಡಂ ಗಿರಗಿಟ್ಲೆಯನ್ನು ದೂರ ಕಳಿಸಿದರು. "ಎಲ್ಲಿ, ಏಳಿ ಟೈಲರಮ್ಮ."

ಟೈಲರಮ್ಮ ಬಾಗಿದರು. ಕುರ್ಚಿಯ ಕೈ ಒತ್ತುವ ಬದಲು ಅವರ ಎಡಗೈ ಪಕ್ಕಕ್ಕೆ ಚಾಚಿ ಗಾಳಿಯಲ್ಲಿ ತಡಕಾಡಿತು. ಅಲ್ಲಿ ಯಾರೂ ಇರಲಿಲ್ಲ. ದೊಪ್ಪನೆ ಕುಳಿತರು. ಮತ್ತೆ ಪ್ರಯತ್ನಿಸಿದರು, ಮತ್ತೆ ಅದೇ. ಮೂರನೆಯ ಸಲ ಬಾಗಿಲ ಕಡೆ ತಿರುಗಿ, "ಎಲ್ಲೋದ್ಯೇ?" ಎಂದರು. ಗಿರಗಿಟ್ಲೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನೆಲ ನೋಡಿದಳು.

ಮೇಡಂ ತೊಡೆ ಮುಟ್ಟಿ ನೋಡಿ ಮುಖ ಸಣ್ಣ ಮಾಡಿಕೊಂಡರು. "ಶಕ್ತಿನೇ ಇಲ್ವಲ್ಲ. ಮೂರು ತಿಂಗಳಾದ್ಮೇಲೂ ಇಷ್ಟೇ ಅಂದ್ರೆ, ಇನ್ನು ಇವರು ಮನೇಲಿ ಇರೋದು ಕಷ್ಟ."

ಮಗಳು ಕಣ್ಣೊರೆಸಿಕೊಂಡಳು. "ಆರೈಕೆ ಕೇಂದ್ರದಲ್ಲಿ ಒಂದು ಹಾಸಿಗೆ ಖಾಲಿ ಇದೆಯಂತಮ್ಮಾ. ಸಂಜೆಯೊಳಗೆ ಹೇಳ್ಬೇಕು. ಎಷ್ಟು ದಿನ ಅಂತ ಹೀಗೆ ಸಂಬಳ ಕೊಟ್ಟು ಇವರನ್ನ ಇಟ್ಕೊಳ್ಳೋದು..."

ಟೈಲರಮ್ಮ ಅಳಲಿಲ್ಲ, ಜಗಳ ಮಾಡಲಿಲ್ಲ. ಕಿಟಕಿಯ ಕಡೆ ನೋಡುತ್ತ, "ಮೆಷಿನ್ ಯಾರಿಗೆ ಕೊಡ್ತೀಯ?" ಎಂದು ಕೇಳಿದರು, ಅಷ್ಟೇ.

ಬಾಯಿ ಮುಚ್ಚಿಕೊಂಡಿದ್ದರೆ ಗಿರಗಿಟ್ಲೆಯ ಗುಟ್ಟು ಗುಟ್ಟಾಗಿಯೇ ಉಳಿಯುತ್ತಿತ್ತು. ನಾಲ್ಕು ಹೊಗಳಿಕೆ ಕಟ್ಟಿಕೊಂಡು ಇನ್ನೊಂದು ಮನೆ ಹುಡುಕಬಹುದಿತ್ತು. ಆದರೆ ಆ ಮೆಷಿನ್ನಿನ ಮಾತು ಅವಳ ಕರುಳಿಗೇ ಕೈ ಹಾಕಿತು.

"ಅವರಿಗೆ ನಡೆಯೋಕೆ ಬರುತ್ತೆ ಮೇಡಂ" ಎಂದಳು. "ಬರದೇ ಇರೋ ಹಾಗೆ ಮಾಡಿದ್ದು ನಾನು."

"ಏನಂದ್ರಿ?" ಎಂದಳು ಮಗಳು.

"ಬೇಕಂತಲೇ ಎಬ್ಬಿಸ್ತಿದ್ದೆ. ವಾಸಿಯಾದ್ರೆ ನನ್ನ ಬಿಡಿಸ್ತೀರ ಅಂತ. ಅವತ್ತು ನೀವು ಫೋನಲ್ಲಿ ಹೇಳಿದ್ದು ಕೇಳಿಸ್ಕೊಂಡೆ."

ಮಗಳು ಅಲ್ಲಿಯವರೆಗೆ ಅವಳನ್ನು ಬಹುವಚನದಲ್ಲೇ ಮಾತನಾಡಿಸಿದ್ದಳು. "ಥೂ, ನಿನ್ನ! ಅಮ್ಮನ್ನ ನಿನ್ನ ಕೈಗೆ ಒಪ್ಪಿಸಿ ನಿಶ್ಚಿಂತೆಯಾಗಿದ್ದೆನಲ್ಲೇ. ನಡಿ ಆಚೆ! ಈಗಲೇ ಗಂಟುಮೂಟೆ ಕಟ್ಟು."

ಗಿರಗಿಟ್ಲೆ ಕೋಣೆಯತ್ತ ತಿರುಗಿದಳು. ಟೈಲರಮ್ಮ ಮೇಡಂ ಕಡೆ ನೋಡಿದರು. "ಇನ್ನೂ ಆಗುತ್ತಾ?"

"ಒಂದೂವರೆ ತಿಂಗಳು ಕಷ್ಟಪಟ್ಟರೆ ಕೋಲು ಹಿಡ್ಕೊಂಡು ನಡೀಬಹುದು. ಕಳೆದುಹೋದದ್ದೆಲ್ಲ ವಾಪಸ್ ಬರುತ್ತೆ ಅಂತ ನಾನು ಹೇಳಲ್ಲ."

"ಹಾಗಿದ್ರೆ ಇವಳು ಇರಲಿ. ನನ್ನ ಅಂಗಡೀಲಿ ತಪ್ಪು ಹೊಲಿಗೆ ಹಾಕಿದವಳೇ ಕೂತು ಬಿಚ್ಚಬೇಕಾಗಿತ್ತು. ಇವಳೂ ಬಿಚ್ಚಲಿ." ಆಮೇಲೆ ಗಿರಗಿಟ್ಲೆಯ ಕಡೆ ತಿರುಗಿದರು. "ಹೋಗೋಕೆ ಜಾಗ ಇಲ್ಲ ಅಂತ ನನ್ನ ಹತ್ರ ಒಂದು ಮಾತು ಹೇಳಬಾರದಿತ್ತೇನೇ?"

ಮಗಳ ಬೈಗುಳವನ್ನೆಲ್ಲ ತಡೆದುಕೊಂಡಿದ್ದವಳು ಆ ಒಂದು ಪ್ರಶ್ನೆಗೆ ಗೊಳೋ ಎಂದು ಅತ್ತಳು.

ಆ ಒಂದೂವರೆ ತಿಂಗಳು ಮಗಳು ದಿನಾ ಬಂದಳು, ಗಿರಗಿಟ್ಲೆಯ ಜೊತೆ ಮಾತ್ರ ಮಾತು ಬಿಟ್ಟಳು. ಗಿರಗಿಟ್ಲೆ ಪಕ್ಕದಲ್ಲಿ ಹಲ್ಲು ಕಚ್ಚಿ ನಿಂತಳು. ಟೈಲರಮ್ಮ ನೋವಿಗೆ ಕಿರುಚಿದಾಗ, "ಕುರ್ಚಿ ಒತ್ತಿ ಟೈಲರಮ್ಮ, ನಾನಿಲ್ಲೇ ಇದೀನಿ" ಎನ್ನುವುದು ಬಿಟ್ಟು ಬೇರೇನೂ ಮಾಡಲಿಲ್ಲ. ಈ ನೋವೆಲ್ಲ ಮೂರು ತಿಂಗಳ ಹಿಂದೆಯೇ ಮುಗಿದುಹೋಗಬೇಕಿತ್ತು. ಎಪ್ಪತ್ತನಾಲ್ಕರಲ್ಲಿ ಮೂರು ತಿಂಗಳು ಅಂದರೇನು ಸಣ್ಣ ಮಾತೇ? ಅದನ್ನು ತಂದುಕೊಡುವವರು ಯಾರು? ಚಿಲಕ ಹಾಕಿಕೊಂಡು ಮಲಗಿದರೂ ಅವಳಿಗೆ ಈಗ ನಿದ್ದೆ ಹತ್ತುತ್ತಿರಲಿಲ್ಲ.

ಅಕ್ಕನ ಮನೆಗೆ ಹೊರಡುವ ದಿನ ಬಂತು. ಚೀಲ ಬಾಗಿಲ ಬಳಿ ಇತ್ತು. ಟೈಲರಮ್ಮ ತಮ್ಮ ಕುರ್ಚಿಯ ಎದುರಿನ ಸ್ಟೂಲು ತೋರಿಸಿ, "ಕೂತ್ಕೋ, ಅಲ್ಲಾಡಬೇಡ" ಎಂದರು. ಕೋಲೂರಿಕೊಂಡು ಅಡುಗೆಮನೆಗೆ ಹೋದರು. ಗ್ಯಾಸ್ ಹೊತ್ತಿದ ಸದ್ದು, ಪಾತ್ರೆಯ ಸದ್ದು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಚಹಾದ ಲೋಟ ಹಿಡಿದು, ಎಡಗಾಲು ಎಳೆಯುತ್ತ ಹನ್ನೆರಡು ಹೆಜ್ಜೆ ವಾಪಸ್ ಬಂದರು. ಹೆಜ್ಜೆಗೊಂದು ಸಲ ಚಹಾ ತುಳುಕಿತು. ಗಿರಗಿಟ್ಲೆ ಎರಡೂ ಕೈಗಳನ್ನು ತೊಡೆಯಡಿ ಒತ್ತಿಕೊಂಡು ಕೂತಳು. ಲೋಟ ಅವಳ ಕೈಗೆ ಬಂದಾಗ ಅರ್ಧ ಉಳಿದಿತ್ತು.

ಟೈಲರಮ್ಮ ಉಸ್ಸೆಂದು ಕುರ್ಚಿಯಲ್ಲಿ ಕೂತರು. ಹಣೆ ಬೆವೆತಿತ್ತು. "ಸಕ್ಕರೆ ಸರಿಯಾಗಿದೆಯೇನೇ?"

ಸಕ್ಕರೆಯೇ ಇರಲಿಲ್ಲ. 'ಸರಿಯಾಗಿದೆ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಂದುಬಿಟ್ಟಿದ್ದರೆ ಪಾಪದ ಮುದುಕಿಗೆ ಸುಖ, ಅವಳಿಗೂ ಸುಖ.

"ಸಕ್ಕರೆ ಹಾಕಿಲ್ಲ ಟೈಲರಮ್ಮ" ಎಂದಳು.

"ಅಯ್ಯೋ, ನನ್ನ ಮರೆವಿಗಿಷ್ಟು!" ಎಂದು ಟೈಲರಮ್ಮ ಕುರ್ಚಿಯ ಅಂಚಿಗೆ ಜರುಗಿ, ಪಾದ ಹಿಂದಕ್ಕೆ ಎಳೆದುಕೊಂಡು, ಎರಡೂ ಕೈ ಒತ್ತಿ ಎದ್ದರು. ಗಿರಗಿಟ್ಲೆ ಕಣ್ಣಲ್ಲಿ ನೀರು ತುಂಬಿಕೊಂಡು ಕೂತಲ್ಲೇ ಕೂತಿದ್ದಳು.